ನೀರು ಕುಡಿಯುವ ಸದ್ದು

ಕಿಡ್ನಿ ಕಸಿಯಾದ ಮನೆಗಳಿಂದ ಆಪ್ತಸಲಹೆಗಾಗಿ ನನ್ನ ಬಳಿಗೆ ಬರುವ ದಂಪತಿಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಬದುಕಿ ಬಂದವರಿಗೆ ಬಿಸಿಲು, ಗಾಳಿ, ರೊಟ್ಟಿ ಎಲ್ಲವೂ ಹೊಸದಾಗಿ ಕಾಣುತ್ತಿರುತ್ತವೆ. ಅವರನ್ನು ಉಳಿಸಿಕೊಂಡವರಿಗೆ ಯಾವುದೂ ರುಚಿಸುತ್ತಿರುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ತಪ್ಪು ತಿಳಿಯುತ್ತಾರೆ. ಇಂಥ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವೃತ್ತಿ ಮತ್ತು ಮನೆಯ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ರಾಯಚೂರು ಕಡೆಯ ಒಬ್ಬ ಮಾಸ್ತರರು. ಮೂರು ವರ್ಷ ಡಯಾಲಿಸಿಸ್‌ನಲ್ಲಿದ್ದರು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಆಮೇಲೆ ಹೆಂಡತಿಯೇ ತಮ್ಮ ಒಂದು ಕಿಡ್ನಿ ಕೊಟ್ಟರು. ನಮ್ಮ ದೇಶದಲ್ಲಿ ಜೀವಂತ ದಾನಿಗಳ ಪೈಕಿ ಹೆಂಗಸರೇ ಹೆಚ್ಚು. ಹೆಂಡತಿ, ಇಲ್ಲವಾದರೆ ತಾಯಿ. ಕಸಿ ಚೆನ್ನಾಗಿ ಕೂಡಿಕೊಂಡಿತು. ವರ್ಷ ಕಳೆದ ಮೇಲೆ ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು.

ಅವರ ದೂರು ಇಷ್ಟೇ: "ಮರುಜನ್ಮ ಸಿಕ್ಕಿದೆ, ಮೇಡಂ. ಒಂದು ಲೋಟ ನೀರಿನ ಬೆಲೆ ಏನೆಂದು ನನಗೆ ಈಗ ಗೊತ್ತು. ಇವಳಿಗೆ ಮಾತ್ರ ಯಾವುದರಲ್ಲೂ ಸಂತೋಷವಿಲ್ಲ. ನೀವು ಸ್ವಲ್ಪ ಬುದ್ಧಿ ಹೇಳಿ."

ನೀರಿನ ಮಾತು ಸುಮ್ಮನೆ ಬಂದದ್ದಲ್ಲ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಮೂತ್ರ ತೀರಾ ಕಡಿಮೆಯಾಗಿಬಿಟ್ಟರೆ, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನೊಳಗೇ ಬದುಕಬೇಕು. ಚಹಾ, ಸಾರು, ಮಜ್ಜಿಗೆ ಎಲ್ಲವೂ ಆ ಲೆಕ್ಕದಲ್ಲೇ ಬರುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆಂದು ಎಳನೀರೂ ಬೇಡ. ಹೆಚ್ಚು ಕುಡಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಂಥ ಮೂರು ಬೇಸಿಗೆಗಳನ್ನು ಈ ಮನುಷ್ಯ ನಿಂಬೆಯ ಹೋಳು ಚೀಪುತ್ತಾ, ಐಸಿನ ಚೂರು ನಾಲಿಗೆಯ ಮೇಲಿಟ್ಟುಕೊಂಡು ಕಳೆದಿದ್ದರು. ಕಸಿಯಾದ ಮೇಲೆ ಅದೇ ವೈದ್ಯರು ದಿನಕ್ಕೆ ಎರಡು, ಮೂರು ಲೀಟರ್ ಕುಡಿಯಿರಿ ಎಂದರು. ಮೊದಲ ದಿನ ಲೋಟ ಹಿಡಿದು ಅತ್ತೆ ಎಂದು ಅವರು ಹೇಳಿದಾಗ ನನ್ನ ಗಂಟಲೂ ಕಟ್ಟಿತು. ಅವರ ಆನಂದದಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಬರಬರುತ್ತಾ ಉಪದೇಶವಾಗಿತ್ತು. ಅರ್ಧ ಲೋಟ ಬಿಟ್ಟೆದ್ದ ಮಗನಿಗೆ ಪಾಠ, ನೋಡಲು ಬಂದ ನೆಂಟರಿಗೆ ಪಾಠ, ಹೆಂಡತಿಗಂತೂ ದಿನವೂ ಪಾಠ.

ಮೊದಲೆರಡು ಭೇಟಿಗಳಲ್ಲಿ ಆಕೆ ಮಾತನಾಡಲೇ ಇಲ್ಲ ಎನ್ನಬಹುದು. ಕೇಳಿದ್ದಕ್ಕೆಲ್ಲ "ಎಲ್ಲ ಚೆನ್ನಾಗಿದೆ" ಎಂಬ ಒಂದೇ ಉತ್ತರ.

ಮೂರನೆಯ ಭೇಟಿ ಏಪ್ರಿಲ್ ತಿಂಗಳ ಮಧ್ಯಾಹ್ನ. ಬಂದವರಿಗೆ ಎರಡು ಲೋಟ ನೀರು ಇಟ್ಟೆ. ಮಾಸ್ತರರು ಎಂದಿನಂತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗುಟುಕು ಗುಟುಕಾಗಿ ಕುಡಿದರು. ಅವರು ಕುಡಿದು ಮುಗಿಸುವವರೆಗೂ ಆಕೆ ಕಾದರು. ಆಮೇಲೆ ತಮ್ಮ ಲೋಟ ತೆಗೆದುಕೊಂಡು, ಕುಳಿತಲ್ಲೇ ಗೋಡೆಯ ಕಡೆಗೆ ತಿರುಗಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಸದ್ದಿಲ್ಲದೆ ಕುಡಿದು ಲೋಟ ಇಟ್ಟರು. ಇಡುವಾಗಲೂ ಸದ್ದಾಗಲಿಲ್ಲ, ಕಿರುಬೆರಳನ್ನು ಲೋಟದ ಅಡಿಗೆ ಕೊಟ್ಟು ಇಟ್ಟಿದ್ದರು.

"ಆ ಕಡೆ ಯಾಕೆ ತಿರುಗಿದಿರಿ, ಅಮ್ಮ?" ಎಂದು ಕೇಳಿದೆ.

"ತಿರುಗಿದೆನೇ?" ಎಂದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ನಾನು ಸುಮ್ಮನಿದ್ದೆ. ಬಹಳ ಹೊತ್ತಾದ ಮೇಲೆ, ತಮ್ಮಷ್ಟಕ್ಕೆ ಲೆಕ್ಕ ಹೇಳಿಕೊಳ್ಳುವವರ ಹಾಗೆ ಶುರು ಮಾಡಿದರು. "ಇವರಿಗೆ ನೀರು ಕಟ್ಟು ಮಾಡಿದ ದಿನವೇ ಪಡಸಾಲೆಯಲ್ಲಿದ್ದ ಕುಡಿಯುವ ನೀರಿನ ಮಣ್ಣಿನ ಹರವಿಯನ್ನು ಹಿತ್ತಿಲಿಗೆ ಸಾಗಿಸಿದೆ. ಮಕ್ಕಳಿಗೆ ಶಾಲೆಯಲ್ಲೇ ಕುಡಿದು ಬನ್ನಿ ಎಂದೆ. ನಾನು ಬಚ್ಚಲಿನಲ್ಲಿ ಕುಡಿಯುತ್ತಿದ್ದೆ, ನಳವನ್ನು ಎಳೆಯಷ್ಟೇ ತಿರುಗಿಸಿ. ನೀರು ಇಳಿಯುವಾಗ ಗಂಟಲು ಸದ್ದು ಮಾಡುತ್ತದಲ್ಲ ಮೇಡಂ, ಅದು ಇವರಿಗೆ ಕೇಳಬಾರದಿತ್ತು. ಈಗ ಇವರು ಕುಡಿಯುತ್ತಾರೆ, ಸಂತೋಷ. ನನಗೆ ಮಾತ್ರ ಇವರೆದುರು ನೀರು ಇಳಿಯುವುದಿಲ್ಲ."

ಮಾಸ್ತರರ ಮುಖ ಬಿಳುಪೇರಿತು. ಕೊನೆಗೆ ಅವರು ಆಡಿದ ಮಾತನ್ನು ಅದೇ ಸಂಜೆ ಬರೆದಿಟ್ಟುಕೊಂಡೆ: "ನಾನು ಆ ಮನೆಯಲ್ಲಿ ನನ್ನೊಬ್ಬನಿಗೇ ಬಾಯಾರುತ್ತದೆ ಅಂದುಕೊಂಡಿದ್ದೆ."

ಅಂದು ಮತ್ತೇನನ್ನೂ ನಾನು ಕೇಳಲಿಲ್ಲ. ಸಲಹೆ ಕೊಟ್ಟದ್ದು ಮುಂದಿನ ವಾರ. ಹರವಿಯನ್ನು ಮತ್ತೆ ಪಡಸಾಲೆಗೆ ತರಬೇಕು. ದಿನಕ್ಕೊಮ್ಮೆ, ಸಂಜೆ, ಮಾಸ್ತರರೇ ನೀರು ತುಂಬಿ ಹೆಂಡತಿಗೆ ಕೊಟ್ಟು ಎದುರಿಗೆ ಕುಳಿತುಕೊಳ್ಳಬೇಕು. ಆಕೆ ಕುಡಿಯಲಿ, ಬಿಡಲಿ, ಒತ್ತಾಯ ಕೂಡದು, ಉಪದೇಶವಂತೂ ಬೇಡವೇ ಬೇಡ. ಎರಡು ತಿಂಗಳು ಯಾರೆದುರಿಗೂ ಮರುಜನ್ಮದ ಮಾತು ಎತ್ತಬಾರದು. ಆಮೇಲೆ ಆಕೆಯ ಆರೋಗ್ಯದ ಕಡತ ಎಲ್ಲಿದೆ ಎಂದು ಕೇಳಿದೆ. ಗಂಡನ ಕಡತ ಎರಡು ಚೀಲದಷ್ಟಿತ್ತು. ಆಕೆಯದು ಶಸ್ತ್ರಚಿಕಿತ್ಸೆಯ ಮೂರು ತಿಂಗಳಿಗೇ ನಿಂತಿತ್ತು. ಕಿಡ್ನಿ ಕೊಟ್ಟವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಮೂತ್ರದಲ್ಲಿನ ಪ್ರೋಟೀನ್ ನೋಡಿಸಿಕೊಳ್ಳಬೇಕು. ಅವರೂ ಸಾಕಷ್ಟು ನೀರು ಕುಡಿಯಬೇಕು. ಈ ತಪಾಸಣೆಗೆ ಮಾಸ್ತರರೇ ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕೆಂದೆ. ಆಕೆಯ ನಿದ್ರೆ, ಊಟ, ಮನಸ್ಸಿನ ಭಾರವನ್ನೂ ಬೇರೆಯಾಗಿ ಕೂರಿಸಿ ವಿಚಾರಿಸಿದೆ. ಎರಡು ತಿಂಗಳಲ್ಲಿ ಹಗುರಾಗದಿದ್ದರೆ ಮನೋವೈದ್ಯರಲ್ಲಿಗೆ ಕಳುಹಿಸುವುದಾಗಿ ಇಬ್ಬರಿಗೂ ತಿಳಿಸಿದೆ.

ಇದನ್ನು ಕೇಳಿದ ಒಬ್ಬ ಸಹೋದ್ಯೋಗಿ, ಆಕೆಗೆ ದಿನವೂ ಮೂರು ಒಳ್ಳೆಯ ಸಂಗತಿ ಬರೆಯುವ ಪುಸ್ತಕವನ್ನೇಕೆ ಕೊಡಲಿಲ್ಲ ಎಂದು ಆಕ್ಷೇಪಿಸಿದರು. ಅನೇಕರಿಗೆ ನಾನೂ ಅದನ್ನು ಕೊಟ್ಟಿದ್ದೇನೆ, ಉಪಯೋಗವಾದದ್ದನ್ನೂ ಕಂಡಿದ್ದೇನೆ. ಈಕೆಗೆ ಕೊಟ್ಟಿದ್ದರೆ ಅದು ಇನ್ನೊಂದು ಚಾಕರಿಯಾಗುತ್ತಿತ್ತು. ಮೂರು ವರ್ಷ ಪೊಟ್ಯಾಸಿಯಂ ಇಳಿಯಲೆಂದು ತರಕಾರಿ ಬೇಯಿಸಿ ನೀರು ಬಸಿದು, ಗಂಡನ ಗುಟುಕುಗಳನ್ನು ಎಣಿಸಿ, ಕೊನೆಗೆ ಒಡಲನ್ನೇ ಕೊಯ್ಯಿಸಿಕೊಂಡವರ ಮುಂದೆ ಪುಸ್ತಕ ಹಿಡಿದು "ಈಗ ಸಂತೋಷವನ್ನೂ ಬರೆದು ತೋರಿಸು" ಎನ್ನಲು ನನಗೆ ಮನಸ್ಸು ಬರಲಿಲ್ಲ. ಇದನ್ನು ನನ್ನ ಮೃದುತನ ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ.

ಕಷ್ಟ ಬಂದರೆ ಸಣ್ಣ ಸುಖಗಳ ಬೆಲೆ ತಿಳಿಯುತ್ತದೆ ಎಂಬುದು ನಿಜ. ಮಾಸ್ತರರ ಕೈಯಲ್ಲಿನ ಲೋಟವೇ ಅದಕ್ಕೆ ಸಾಕ್ಷಿ. ಆದರೆ ಒಂದೇ ಕಷ್ಟ ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ಸಮಯಕ್ಕೆ ಆ ತಿಳಿವನ್ನು ಕೊಡುವುದಿಲ್ಲ. ರೋಗಿಗೆ ಬಾಯಾರಿಕೆ ಮುಗಿದ ದಿನವೊಂದು ಇರುತ್ತದೆ, ತಾರೀಕು ಹಾಕಿ ಹೇಳಬಹುದು. ಆರೈಕೆ ಮಾಡಿದವರಿಗೆ ಅಂಥ ದಿನ ಬರುವುದಿಲ್ಲ. ನಿಮ್ಮದೂ ಮುಗಿಯಿತು, ಇನ್ನು ಕುಡಿಯಿರಿ ಎಂದು ಯಾವ ವೈದ್ಯರೂ ಚೀಟಿ ಬರೆದು ಕೊಡುವುದಿಲ್ಲ. ಆ ಚೀಟಿಯನ್ನು ಮನೆಯವರೇ ಬರೆಯಬೇಕು. ಕಾಯಿಲೆಯಿಂದ ಎದ್ದವರು ಇದನ್ನು ಓದುತ್ತಿದ್ದರೆ, ನಿಮ್ಮ ಹಾಸಿಗೆಯ ಪಕ್ಕದಲ್ಲಿದ್ದವರು ಆ ದಿನಗಳಲ್ಲಿ ಏನನ್ನು ಬಿಟ್ಟಿದ್ದರು ಎಂದು ಇವತ್ತೇ ಕೇಳಿ. ಮತ್ತು ಕಷ್ಟದ ನಡುವೆ ಇರುವವರಿಗೆ, ಅದು ಪಾಠ ಕಲಿಸುತ್ತದೆ ಎಂದು ದಯವಿಟ್ಟು ಹೇಳಬೇಡಿ. ಅದನ್ನು ಹೇಳುವ ಹಕ್ಕು ಪಟ್ಟವರದು ಮಾತ್ರ.

ಮೊದಲ ಹತ್ತು ಹನ್ನೆರಡು ದಿನ ಆಕೆ ಲೋಟವನ್ನು ಮುಟ್ಟಲಿಲ್ಲವಂತೆ. ಮಾಸ್ತರರು ಸುಮ್ಮನೆ ಎದುರಿಗೆ ಕುಳಿತು ಎದ್ದು ಹೋಗುತ್ತಿದ್ದರು. ಕಸಿಯಾದವರಿಗೆ ಸೋಂಕು ಬೇಗ ತಗಲುವುದರಿಂದ ಹರವಿಗೂ ಕಾಯಿಸಿ ಆರಿಸಿದ ನೀರೇ; ಆ ಕೆಲಸವನ್ನೂ ಅವರೇ ವಹಿಸಿಕೊಂಡಿದ್ದರು. ತಪಾಸಣೆಯೂ ಆಯಿತು, ವರದಿ ಚೆನ್ನಾಗಿತ್ತು.

ಕಳೆದ ಭೇಟಿಯಲ್ಲಿ ಆಕೆಯೇ ಮೊದಲು ಬಾಯಿ ತೆರೆದರು. ಅದೂ ದೂರಿನಿಂದ: "ಹರವಿ ಹಳೆಯದಾಗಿದೆ ಮೇಡಂ, ನೀರು ತಣ್ಣಗಾಗುವುದೇ ಇಲ್ಲ. ಇವರಿಗೆ ಅದೇ ಅಮೃತ."

ಮುಂದಿನ ಸಂತೆಗೆ ಹೊಸದನ್ನು ತರುತ್ತೇನೆ ಎಂದರು ಮಾಸ್ತರರು.

"ನೀವು ತರಬೇಡಿ, ನಾನೂ ಬರುತ್ತೇನೆ" ಎಂದರು ಆಕೆ. "ಬಾರಿಸಿ ಸದ್ದು ಕೇಳಿ ಆರಿಸಬೇಕು."