ಕಡಲಿಲ್ಲದ ಊರಿನಲ್ಲಿ ಹಡಗಿನ ವಿದ್ಯೆ

ಖರಗ್‌ಪುರದಲ್ಲಿ ಕಡಲೇ ಇಲ್ಲವಲ್ಲ, ಮಗಳನ್ನು ಹಡಗು ವಿನ್ಯಾಸ ಓದಲು ಅಲ್ಲಿನ ಐಐಟಿಗೆ ಕಳುಹಿಸಬಹುದೇ ಎಂದು ಮಂಡ್ಯದಿಂದ ಕೇಳಿದ್ದೀರಿ. ಧೈರ್ಯವಾಗಿ ಕಳುಹಿಸಿ. 1951ರಲ್ಲಿ ಅಲ್ಲೇ ಹಿಜಲಿ ಎಂಬಲ್ಲಿನ ಹಳೆಯ ಬಂಧನ ಶಿಬಿರದಲ್ಲಿ ಆರಂಭವಾದ ಆ ಐಐಟಿಯಲ್ಲಿ ಮರುವರ್ಷವೇ ಈ ವಿಭಾಗ ಹುಟ್ಟಿತು. ದೇಶದಲ್ಲಿ ಅದೇ ಮೊದಲನೆಯದು.

ಕಲಿಕೆಗೆ ಬೇಕಾದದ್ದು ಕಡಲಲ್ಲ, ಉದ್ದನೆಯ ನೀರಿನ ತೊಟ್ಟಿ. ಅದರಲ್ಲಿ ಪುಟ್ಟ ಮಾದರಿ ಹಡಗನ್ನು ಎಳೆದು, ನೀರು ಒಡ್ಡುವ ತಡೆಯನ್ನು ಅಳೆಯುತ್ತಾರೆ. 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ನೆಲೆಗೊಳಿಸಿದ ಕ್ರಮವಿದು. ಇನ್ನು ಸಮತೋಲನದ ಪಾಠಕ್ಕೆ ನಮ್ಮ ಕಾವೇರಿಯ ಹರಿಗೋಲೇ ಸಾಕು: ಎದ್ದು ನಿಂತರೆ ಗುರುತ್ವ ಕೇಂದ್ರ, ಅಂದರೆ ಒಟ್ಟು ಭಾರದ ನಡುಬಿಂದು, ಮೇಲೇರಿ ಹರಿಗೋಲು ಮಗುಚುವ ಭಯ, ಅಂಬಿಗ ಗದರುತ್ತಾನೆ!

ಒಂದು ಎಚ್ಚರ: ಮರೀನ್ ಎಂಜಿನಿಯರಿಂಗ್ ಬೇರೆ. ಅದು ಹಡಗಿನ ಯಂತ್ರಗಳನ್ನು ನಡೆಸುವವರ ಓದು. ಅರ್ಜಿ ತುಂಬುವಾಗ ಗೊಂದಲ ಮಾಡಿಕೊಳ್ಳಬೇಡಿ.