ಪಿಇ ಪವರ್ ಪರೀಕ್ಷೆಗೆ ಯಾವ ಪುಸ್ತಕ ಕೊಳ್ಳಬೇಕು?

ವಿನ್ಯಾಸ ಕಚೇರಿಯಲ್ಲಿ ಎಂಟು ವರ್ಷ ದುಡಿದು ಈಗ ಅಮೆರಿಕದ ಪಿಇ (ಪ್ರೊಫೆಷನಲ್ ಎಂಜಿನಿಯರ್ ಲೈಸೆನ್ಸಿನ) ಎಲೆಕ್ಟ್ರಿಕಲ್ ಪವರ್ ಪರೀಕ್ಷೆಗೆ ಕೂರಲು ಹೊರಟಿದ್ದೀರಿ. ದಪ್ಪ ಪುಸ್ತಕ, ವಿಡಿಯೊ ತರಗತಿ, ಪ್ರಶ್ನೆಗಳ ಸಂಗ್ರಹ, ಇವುಗಳಲ್ಲಿ ಯಾವುದಕ್ಕೆ ಹಣ ಹಾಕಲಿ ಎಂದು ಕೇಳಿದ್ದೀರಿ. ನಾನು ಈ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವನು. ಆಮೇಲೆ ಕೆಲವು ಕಿರಿಯ ಸಹೋದ್ಯೋಗಿಗಳ ತಯಾರಿಗೆ ಜೊತೆಯಾಗಿದ್ದೇನೆ. ನನ್ನ ಮೊದಲ ಮಾತು: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಪರೀಕ್ಷೆ ನಡೆಸುವ ಎನ್‌ಸಿಇಇಎಸ್ ಸಂಸ್ಥೆಯ ತಾಣದಲ್ಲಿ ಖಾತೆ ತೆರೆದು ರೆಫರೆನ್ಸ್ ಹ್ಯಾಂಡ್‌ಬುಕ್ (ಸೂತ್ರಗಳ ಕೈಪಿಡಿ) ಮತ್ತು ಪರೀಕ್ಷೆಯ ವಿಷಯಪಟ್ಟಿ ಎರಡನ್ನೂ ಇಳಿಸಿಕೊಳ್ಳಿ. ಎರಡಕ್ಕೂ ದುಡ್ಡಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೆ ಇದು ಕಾಗದದ ಮೇಲಿನ ಪರೀಕ್ಷೆಯಾಗಿತ್ತು. ಜನ ಚೀಟಿ ಅಂಟಿಸಿದ ಪುಸ್ತಕಗಳನ್ನು ಪೆಟ್ಟಿಗೆಗಟ್ಟಲೆ ಹೊತ್ತು ತರುತ್ತಿದ್ದರು. ಆಗ ದಪ್ಪ ಪುಸ್ತಕಕ್ಕೆ ಬೆಲೆಯಿತ್ತು, ಏಕೆಂದರೆ ಅದು ಪರೀಕ್ಷಾ ಕೊಠಡಿಯೊಳಗೂ ಜೊತೆಗಿರುತ್ತಿತ್ತು. ಈಗ ಎಲ್ಲವೂ ಕಂಪ್ಯೂಟರಿನಲ್ಲಿ. 80 ಪ್ರಶ್ನೆ, 8 ಗಂಟೆ; ಪ್ರಶ್ನೆಗೆ ಸರಾಸರಿ 6 ನಿಮಿಷ. ಪರದೆಯ ಮೇಲೆ ಸಿಗುವುದು ಆ ಹ್ಯಾಂಡ್‌ಬುಕ್ ಮತ್ತು ಅವರೇ ಕೊಡುವ ಕೋಡ್‌ಗಳು, ಅಂದರೆ ವಿದ್ಯುತ್ ಕೆಲಸದ ನಿಯಮಪುಸ್ತಕಗಳು, ಮಾತ್ರ. ನೀವು ಕೊಂಡ ಪುಸ್ತಕ ಎಷ್ಟೇ ಚೆನ್ನಾಗಿರಲಿ, ಅಂದು ಮನೆಯಲ್ಲೇ ಉಳಿಯುತ್ತದೆ.

ಹಾಗಾಗಿ ಯಾವ ಪುಸ್ತಕವನ್ನಾದರೂ ಕೊಳ್ಳುವ ಮುಂಚೆ ಅದರ ಮಾದರಿ ಪುಟಗಳಲ್ಲಿ ಬಿಡಿಸಿದ ಒಂದು ಲೆಕ್ಕ ತೆಗೆದುಕೊಳ್ಳಿ. ಅದರಲ್ಲಿ ಬಳಸಿದ ಸೂತ್ರವನ್ನು ಹ್ಯಾಂಡ್‌ಬುಕ್‌ನಲ್ಲಿ ಹುಡುಕಿ. ಅದೇ ಸಂಕೇತಗಳಲ್ಲಿ ಸಿಕ್ಕರೆ ಪುಸ್ತಕ ಈ ಪರೀಕ್ಷೆಗೆಂದೇ ಬರೆದದ್ದು. ಲೇಖಕರು ತಮ್ಮದೇ ಕೋಷ್ಟಕ, ತಮ್ಮದೇ ಸುಲಭ ಸೂತ್ರಗಳ ಮೇಲೆ ಲೆಕ್ಕ ನಿಲ್ಲಿಸಿದ್ದರೆ ಆ ಪುಸ್ತಕವನ್ನು ಬಿಟ್ಟುಬಿಡಿ. ಹಳೆಯ ಪ್ರತಿಗಳು ಅಗ್ಗಕ್ಕೆ ಸಿಗುತ್ತವೆ ಎಂದು ಆಸೆಪಡಬೇಡಿ. ಪರ್ ಯೂನಿಟ್, ಸಮ್ಮಿತೀಯ ಘಟಕಗಳು, ಇಂಡಕ್ಷನ್ ಮೋಟಾರು, ಇವೇನೂ ಹಳತಾಗುವುದಿಲ್ಲ, ನಿಜ. ಆದರೆ ಕೋಡ್ ಬದಲಾಗುತ್ತದೆ.

ಕೋಡ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಓದಿನ ಸಾಮಗ್ರಿಯ ಗಟ್ಟಿತನ ತಿಳಿಯುವುದೇ ಇಲ್ಲಿ. ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ. ತಂತಿಯ ಸಾಮರ್ಥ್ಯ ಹೇಳುವ, ಎಲ್ಲರೂ ದಿನವೂ ಬಳಸುವ ಕೋಷ್ಟಕದ ಸಂಖ್ಯೆ 2017ರ ಆವೃತ್ತಿಯಲ್ಲಿ 310.15(ಬಿ)(16) ಎಂದಿತ್ತು, 2020ರಲ್ಲಿ 310.16 ಆಯಿತು. ಹಳೆಯ ಪುಸ್ತಕದಲ್ಲಿ ಕಲಿತವರು ಪರದೆಯ ಮೇಲೆ ಇಲ್ಲದ ಸಂಖ್ಯೆಯನ್ನು ಹುಡುಕುತ್ತಾ ಕೂರುತ್ತಾರೆ. ನಿಮ್ಮ ಪರೀಕ್ಷೆಗೆ ಯಾವ ಆವೃತ್ತಿ ಎಂಬುದು ವಿಷಯಪಟ್ಟಿಯ ಜೊತೆಗೇ ಇರುತ್ತದೆ, ಅದನ್ನು ನೋಡಿಯೇ ಪುಸ್ತಕ ಆರಿಸಿ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಪರೀಕ್ಷೆಯಲ್ಲಿ ಕೋಡ್ ಅಧ್ಯಾಯ ಅಧ್ಯಾಯವಾಗಿ ಬೇರೆಬೇರೆ ಕಡತಗಳಲ್ಲಿರುತ್ತದೆ. ಒಂದು ಸಲಕ್ಕೆ ಒಂದೇ ಅಧ್ಯಾಯವನ್ನು ತೆರೆದು ಹುಡುಕಬಹುದು. ಒಂದು ಲೆಕ್ಕ ನೋಡೋಣ: 460 ವೋಲ್ಟ್, 50 ಎಚ್‌ಪಿ, ಮೂರು ಫೇಸಿನ ಮೋಟಾರು, ನೇಮ್‌ಪ್ಲೇಟ್ ಮೇಲೆ 60 ಆಂಪಿಯರ್, ಸರ್ವಿಸ್ ಫ್ಯಾಕ್ಟರ್ (ಹೆಚ್ಚುವರಿ ಭಾರ ತಾಳುವ ಪ್ರಮಾಣ) 1.15. ಎಷ್ಟು ದಪ್ಪದ ತಾಮ್ರದ ತಂತಿ ಬೇಕು? ತಂತಿಗೆ ನೇಮ್‌ಪ್ಲೇಟ್ ನೋಡುವಂತಿಲ್ಲ. 430.250ನೇ ಕೋಷ್ಟಕ ಹೇಳುವ 65 ಆಂಪಿಯರ್ ಹಿಡಿದು, ಅದರ ಶೇ 125, ಅಂದರೆ 81.25 ಆಂಪಿಯರ್‌ಗೆ ತಂತಿ ಆರಿಸಬೇಕು. ಇದು ನಾಲ್ಕನೇ ಅಧ್ಯಾಯ. ಈಗ ಅದನ್ನು ಮುಚ್ಚಿ ಮೂರನೇ ಅಧ್ಯಾಯ ತೆರೆದು 310.16ಕ್ಕೆ ಹೋಗಬೇಕು, 75 ಡಿಗ್ರಿಯ ಕಾಲಂನಲ್ಲಿ 4 ಎಡಬ್ಲ್ಯುಜಿ (ಅಮೆರಿಕದ ತಂತಿ ಅಳತೆ) ತಂತಿ 85 ಆಂಪಿಯರ್ ತಾಳುತ್ತದೆ. ಅದೇ ಪ್ರಶ್ನೆ ಓವರ್‌ಲೋಡ್ ರಕ್ಷಣೆಯ ಮಿತಿ ಕೇಳಿದ್ದರೆ ನೇಮ್‌ಪ್ಲೇಟಿನ 60 ಆಂಪಿಯರನ್ನೇ ಹಿಡಿಯಬೇಕು; ಸರ್ವಿಸ್ ಫ್ಯಾಕ್ಟರ್ 1.15 ಇರುವುದರಿಂದ ಅದರ ಶೇ 125, ಉತ್ತರ 75 ಆಂಪಿಯರ್. ಯಾವ ಅಂಕಿ ಎಲ್ಲಿಗೆ, ಯಾವ ಅಧ್ಯಾಯದಿಂದ ಯಾವ ಅಧ್ಯಾಯಕ್ಕೆ ಎಂಬ ದಾರಿಯನ್ನು ಹೀಗೆ ಕೈ ಹಿಡಿದು ತೋರಿಸುವ ಪ್ರಶ್ನೆಸಂಗ್ರಹ ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಉತ್ತರದ ಪಕ್ಕದಲ್ಲಿ ಬರೀ ಕೋಡಿನ ಸಂಖ್ಯೆ ಬರೆದು ಕೈತೊಳೆದುಕೊಳ್ಳುವ ಪುಸ್ತಕ ನಿಮಗೆ ಏನನ್ನೂ ಕಲಿಸುವುದಿಲ್ಲ. ಕೋಡನ್ನು ಪ್ರಕಟಿಸುವ ಎನ್‌ಎಫ್‌ಪಿಎ ತನ್ನ ತಾಣದಲ್ಲಿ ಅದನ್ನು ಉಚಿತವಾಗಿ ಓದಲು ಬಿಡುತ್ತದೆ, ಪರಿಚಯಕ್ಕೆ ಅಷ್ಟು ಸಾಕು.

ವಿಡಿಯೊ ತರಗತಿ ದುಬಾರಿ. ಎಲ್ಲರಿಗೂ ಬೇಕಿಲ್ಲ. ಪದವಿ ಮುಗಿದು ಬಹಳ ವರ್ಷವಾಗಿ, ದಿನದ ಕೆಲಸ ಒಂದೇ ಮೂಲೆಗೆ ಸೀಮಿತವಾಗಿದ್ದರೆ ಅದು ನಿಜಕ್ಕೂ ನೆರವಾಗುತ್ತದೆ: ಕಟ್ಟಡಗಳ ವೈರಿಂಗ್ ವಿನ್ಯಾಸ ಮಾಡುವವರಿಗೆ ರಿಲೇ ರಕ್ಷಣೆ, ಸಿಂಕ್ರೊನಸ್ ಯಂತ್ರಗಳು ಮರೆತೇ ಹೋಗಿರುತ್ತವೆ. ಆದರೆ ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡುತ್ತಿರುವಾಗ ನಮಗೂ ಬಂತು ಅನ್ನಿಸಿಬಿಡುತ್ತದೆ. ವಿಡಿಯೊ ನಿಲ್ಲಿಸಿ, 1500 ಕೆವಿಎ, 480 ವೋಲ್ಟ್, ಶೇ 5.75 ಇಂಪೀಡೆನ್ಸಿನ ಮೂರು ಫೇಸಿನ ಟ್ರಾನ್ಸ್‌ಫಾರ್ಮರಿನ ದ್ವಿತೀಯಕದಲ್ಲಿ ಗರಿಷ್ಠ ದೋಷಪ್ರವಾಹ (ಶಾರ್ಟ್ ಸರ್ಕ್ಯೂಟ್ ಆದಾಗ ಹರಿಯುವ ವಿದ್ಯುತ್) ಎಷ್ಟು ಎಂದು ಖಾಲಿ ಹಾಳೆಯಲ್ಲಿ ಬಿಡಿಸಿ ನೋಡಿ. ಪೂರ್ಣ ಭಾರದ ಪ್ರವಾಹ ಸುಮಾರು 1804 ಆಂಪಿಯರ್, ಅದನ್ನು 0.0575ರಿಂದ ಭಾಗಿಸಿದರೆ ಸುಮಾರು 31.4 ಕಿಲೊಆಂಪಿಯರ್. ಯಾರ ಸಹಾಯವೂ ಇಲ್ಲದೆ ಇಂಥವು ಬರುತ್ತಿದ್ದರೆ ತರಗತಿಯ ಹಣ ಉಳಿಸಿ, ಒಂದು ಮುಖ್ಯ ಪುಸ್ತಕ ಮತ್ತು ಒಂದು ಒಳ್ಳೆಯ ಪ್ರಶ್ನೆಸಂಗ್ರಹದಲ್ಲೇ ಮುಂದುವರಿಯಿರಿ.

ಎನ್‌ಸಿಇಇಎಸ್ ತಾನೇ ಮಾರುವ ಅಭ್ಯಾಸ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ. ಪ್ರಶ್ನೆಯ ಧಾಟಿ ತಿಳಿಯಲು ಅದಕ್ಕಿಂತ ನಂಬಿಕಸ್ತ ಮೂಲ ಬೇರೆ ಇಲ್ಲ. ಆರಂಭದಲ್ಲೇ ಅದನ್ನು ಬಿಡಿಸಿ ಮುಗಿಸದೆ, ಕೊನೆಯ ವಾರಗಳಿಗೆ ಉಳಿಸಿಕೊಳ್ಳಿ. ಒಂದು ರಜಾದಿನ ಗಡಿಯಾರ ಇಟ್ಟುಕೊಂಡು, ಪರದೆಯ ಮೇಲಿನ ಹ್ಯಾಂಡ್‌ಬುಕ್ ಮತ್ತು ಕೋಡ್‌ಗಳನ್ನು ಮಾತ್ರ ಬಳಸಿ ಬರೆಯಿರಿ. ಕ್ಯಾಲ್ಕುಲೇಟರನ್ನೂ ಈಗಲೇ ನಿರ್ಧರಿಸಿ. ಅವರು ಒಪ್ಪುವ ಕೆಲವೇ ಮಾದರಿಗಳಿವೆ. ಕ್ಯಾಸಿಯೊ ಎಫ್‌ಎಕ್ಸ್-991, ಟಿಐ-36ಎಕ್ಸ್ ಎರಡೂ ಆ ಪಟ್ಟಿಯಲ್ಲಿವೆ. ಫೇಸರ್ ಲೆಕ್ಕ (ಪರಿಮಾಣ, ಕೋನ ಎರಡೂ ಇರುವ ಎಸಿ ಲೆಕ್ಕ) ಬೆರಳಿಗೆ ಹತ್ತುವವರೆಗೂ ಒಂದನ್ನೇ ಬಳಸಿ.

ನಿಮ್ಮ ದಿನದ ಕೆಲಸ ಕಟ್ಟಡಗಳದ್ದೋ, ಸಬ್‌ಸ್ಟೇಷನ್ನಿನದ್ದೋ ನೀವು ಬರೆದಿಲ್ಲ. ತಿಳಿಸಿದರೆ ವಿಷಯಪಟ್ಟಿಯ ಯಾವ ಭಾಗದಿಂದ ಓದು ಶುರುಮಾಡಿದರೆ ಒಳ್ಳೆಯದು ಎಂದು ಬರೆಯುತ್ತೇನೆ.