ಜಗ್ಗಿದವರು ಯಾರು?

ಪ್ರಶ್ನೆ: ಸರ್, ನಮ್ಮ ಹೊಲದ ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡುವ) ಕೆಲಸ 12 ವರ್ಷದಿಂದ ಮುಗಿದಿಲ್ಲ. ಸಾಹೇಬರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ: ‘ಯು ಆರ್ ಡ್ರ್ಯಾಗಿಂಗ್ ಔಟ್ ದಿ ಮ್ಯಾಟರ್ ಸಿನ್ಸ್ ಟ್ವೆಲ್ವ್ ಇಯರ್ಸ್.’ ಮಗಳು ‘ಡ್ರ್ಯಾಗ್ ಆನ್’ ಹಾಕಪ್ಪಾ ಅನ್ನುತ್ತಾಳೆ. ಎರಡೂ ಒಂದೇ ಅಲ್ವಾ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಅರ್ಜಿ ಇನ್ನೂ ಕೊಟ್ಟಿಲ್ಲ ತಾನೇ? ಹಾಗಿದ್ದರೆ ಮಗಳ ಮಾತು ಕೇಳಿ.

‘ಡ್ರ್ಯಾಗ್’ ಅಂದರೆ ನಮ್ಮ ಕಡೆಯ ‘ಜಗ್ಗು’. ‘ಡ್ರ್ಯಾಗ್ ಆನ್’ನಲ್ಲಿ ಜಗ್ಗುವವರು ಯಾರೂ ಕಾಣುವುದಿಲ್ಲ. ಕೆಲಸ ತಾನಾಗಿಯೇ ಹನುಮಂತನ ಬಾಲದ ಹಾಗೆ ಬೆಳೆಯುತ್ತಾ ಹೋಗುತ್ತದೆ. ‘ಡ್ರ್ಯಾಗ್ ಔಟ್’ ಅಂದಾಗ ಸಾಮಾನ್ಯವಾಗಿ ಹಗ್ಗದ ತುದಿ ಹಿಡಿದು ಜಗ್ಗುವವರೊಬ್ಬರು ಇರುತ್ತಾರೆ.

ಬಾಗಲಕೋಟೆಯಲ್ಲಿ ನಾನು ನಿವೃತ್ತನಾದ ದಿನ ಸನ್ಮಾನ ಇಟ್ಟುಕೊಂಡಿದ್ದರು. ಮೇ ತಿಂಗಳು, ತಗಡಿನ ಚಾವಣಿ. ನನ್ನ ಹೆಗಲ ಮೇಲೆ ಉಣ್ಣೆಯ ಶಾಲು, ಕೊರಳಲ್ಲಿ ಚೆಂಡುಹೂವಿನ ದಪ್ಪ ಹಾರ. ಅತಿಥಿಯೊಬ್ಬರು ‘ಎರಡೇ ಮಾತು’ ಅಂತ ಮೈಕ್ ಹಿಡಿದವರು 50 ನಿಮಿಷ ಬಿಡಲಿಲ್ಲ. ಹಿಂದೆ ಅಡುಗೆಯವನು ಎಣ್ಣೆಗಾಯಿ ಪಾತ್ರೆಯ ಮುಚ್ಚಳ ತೆಗೆದು ನೋಡುವುದು, ಮತ್ತೆ ಮುಚ್ಚುವುದು. ‘ದಿ ಫಂಕ್ಷನ್ ಡ್ರ್ಯಾಗ್ಡ್ ಆನ್’ ಅಂದರೆ ಮರ್ಯಾದೆಯ ಮಾತು. ‘ಹಿ ಡ್ರ್ಯಾಗ್ಡ್ ಇಟ್ ಔಟ್’ ಅಂದರೆ ಖರೇ ಮಾತು.

ಈಗ ನಿಮ್ಮ ಸಾಲು ನೋಡಿ. ‘ಯು’ ಅಂತ ಶುರುಮಾಡಿ ಸಾಹೇಬರ ಕೈಯಲ್ಲೇ ಹಗ್ಗ ಕೊಟ್ಟಿದ್ದೀರಿ. ಪೋಡಿ ಆಗಬೇಕಿರುವುದು ಅವರ ಸಹಿಯಿಂದಲೇ! ‘ದಿ ಮ್ಯಾಟರ್ ಹ್ಯಾಸ್ ಬೀನ್ ಡ್ರ್ಯಾಗಿಂಗ್ ಆನ್ ಫಾರ್ ಟ್ವೆಲ್ವ್ ಇಯರ್ಸ್’ ಎಂದು ಬರೆಯಿರಿ. ಸಂಕಟವೂ ತಿಳಿಯುತ್ತದೆ, ಯಾರ ಮೇಲೂ ಬೆರಳು ತೋರಿಸಿದಂತಾಗುವುದಿಲ್ಲ.

‘ಸಿನ್ಸ್’ ಯಾಕೆ ಹೋಯಿತು ಅಂದರೆ, ಎಷ್ಟು ಕಾಲ ಎಂದು ಹೇಳಲು ‘ಫಾರ್’ ಬೇಕು. ಯಾವಾಗಿನಿಂದ ಎಂದು ಹೇಳಲು ‘ಸಿನ್ಸ್’. ಬೆಳಗಾವಿ ಗಡಿಯ ವಿಷಯದಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ಆ ಕೇಸ್ ‘ಹ್ಯಾಸ್ ಬೀನ್ ಡ್ರ್ಯಾಗಿಂಗ್ ಆನ್ ಸಿನ್ಸ್ 2004’. ‘ಈಸ್ ಡ್ರ್ಯಾಗಿಂಗ್ ಸಿನ್ಸ್’ ಅನ್ನುವುದು ‘ಆಗಿನಿಂದ ನಡೀತಾ ಇದೆ’ ಎಂಬ ನಮ್ಮ ಕನ್ನಡಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದು, ಅಷ್ಟೇ. ನಾನೂ ಕಾಲೇಜಿನ ತನಕ ಹಾಗೇ ಬರೆದವನು.

ಇನ್ನೊಂದು. ಉದ್ದವಾದದ್ದಕ್ಕೆಲ್ಲ ‘ಡ್ರ್ಯಾಗ್ ಆನ್’ ಹಾಕಬೇಡಿ. ಅದರಲ್ಲಿ ‘ಸಾಕಪ್ಪಾ ಸಾಕು’ ಅನ್ನುವ ಬೇಸರ ಇರುತ್ತದೆ. ಹೋದ ಜಾತ್ರೆಯಲ್ಲಿ ನಮ್ಮೂರ ಬಯಲಾಟ ಬೆಳಗಿನ ಐದರ ತನಕ ನಡೆಯಿತು. ನನಗೆ ಅದು ‘ವೆಂಟ್ ಆನ್’. ನನ್ನ ತೊಡೆಯ ಮೇಲೆ ತೂಕಡಿಸುತ್ತಿದ್ದ ಮೊಮ್ಮಗನನ್ನು ಕೇಳಿದರೆ ‘ಡ್ರ್ಯಾಗ್ಡ್ ಆನ್’ ಅಂದಾನು.